ಪೋರ್ಟ್ ಇರುವ ಸ್ಪೀಕರ್ ಪೆಟ್ಟಿಗೆಯೊಳಗೆ ಪಾಲಿಯೆಸ್ಟರ್ ನಾರೋ, ಕಂಬಳಿಯೋ?

12 ಲೀಟರಿನ ಪ್ಲೈವುಡ್ ಸ್ಪೀಕರ್ ಪೆಟ್ಟಿಗೆ, 4 ಇಂಚಿನ ಫುಲ್‌ರೇಂಜ್ ಡ್ರೈವರ್ (ಮಂದ್ರದಿಂದ ತಾರದವರೆಗಿನ ಸ್ವರಗಳನ್ನು ಒಂದೇ ಕೋನಿನಿಂದ ನುಡಿಸುವ ಸ್ಪೀಕರ್), ಮಂದ್ರಕ್ಕೆ ಬಲ ಕೊಡುವ ಗಾಳಿದಾರಿಗೆ, ಅಂದರೆ ಪೋರ್ಟಿಗೆ, ಪಿವಿಸಿ ಪೈಪು. ಒಳಗೆ ದಿಂಬಿನ ನಾರು ತುಂಬಬೇಕೋ, ಕಂಬಳಿ ಅಂಟಿಸಬೇಕೋ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಪೈಪು. ಒಳವ್ಯಾಸ 5 ಸೆಂ.ಮೀ., ಉದ್ದ 12 ಸೆಂ.ಮೀ. ಇದ್ದರೆ ಪೆಟ್ಟಿಗೆಯ ಶ್ರುತಿ, ಅಂದರೆ ಪೋರ್ಟು ಅತಿ ಹೆಚ್ಚು ಮಿಡಿಯುವ ಕಂಪನಾಂಕ, ಸುಮಾರು 56 ಹರ್ಟ್ಸ್‌ಗೆ ಕೂರುತ್ತದೆ. ಉದ್ದ 18 ಆದರೆ 48ರ ಆಸುಪಾಸಿಗೆ ಇಳಿಯುತ್ತದೆ. ನಾರಿನದೋ ಕಂಬಳಿಯದೋ ತೆಳುವಾದ ಒಳಹಾಸು ಈ ಶ್ರುತಿಯನ್ನು ಹೆಚ್ಚು ಕದಲಿಸುವುದಿಲ್ಲ. ಪೆಟ್ಟಿಗೆಯೊಳಗೆ ಪುಟಿಯುವ ಮಧ್ಯಸ್ವರಗಳು ಡ್ರೈವರಿನ ತೆಳು ಕೋನಿನಿಂದಲೂ ಪೋರ್ಟಿನಿಂದಲೂ ಹೊರಬರದಂತೆ ತಡೆಯುವುದಷ್ಟೇ ಅದರ ಕೆಲಸ.

ಖರ್ಚಿನಲ್ಲಿ ನಾರು ಅಗ್ಗ, ಮೈಸೂರಿನ ಹಾಸಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲಿ ಹಳೆಯ ಕಂಬಳಿ ಬಿದ್ದಿದ್ದರೆ ಲೆಕ್ಕ ತಿರುಗುಮುರುಗು. ಬಾಳಿಕೆಯಲ್ಲೂ ನಾರು ಮುಂದು: ಉಣ್ಣೆಯನ್ನು ನುಸಿ ತಿನ್ನುತ್ತದೆ.

ಆದರೆ ಸಡಿಲ ನಾರು ಜಾರಿ ಪೈಪಿನ ಬಾಯಿಗೆ ಬಂದರೆ ಪೋರ್ಟಿನ ಮಂದ್ರವೇ ಸತ್ತುಹೋಗುತ್ತದೆ, ಅದನ್ನು ತಡೆಯಲು ಬಲೆಬಟ್ಟೆ ಕಟ್ಟಲೇಬೇಕು. ಕಂಬಳಿಗೆ ಆ ಕಾಟವಿಲ್ಲ. ಎರಡು ಪದರ ಹಾಕಿದರೆ ಇನ್ನಷ್ಟು ಕೆಳಗಿನ ಸ್ವರಗಳನ್ನೂ ಹೀರುತ್ತದೆ.

ಕಿವಿಯಿಂದಲೇ ಹದ ಹುಡುಕುವವರಿಗೆ ನಾರು ಒಳ್ಳೆಯದು, ಹಿಡಿಹಿಡಿಯಾಗಿ ಸೇರಿಸಬಹುದು, ತೆಗೆಯಬಹುದು. ಧ್ವನಿ ಮಂಕಾದರೆ ಅತಿಯಾಯಿತೆಂದು ತಿಳಿಯಿರಿ. ಅಳತೆ ಖಚಿತವಾಗಿದ್ದು, ಪೆಟ್ಟಿಗೆಯನ್ನು ಮತ್ತೆ ಬಿಚ್ಚುವ ಯೋಚನೆ ಇಲ್ಲದಿದ್ದರೆ ಹಿಂಬದಿಗೂ ಒಂದು ಪಕ್ಕಕ್ಕೂ ಕಂಬಳಿ ಅಂಟಿಸಿ.