ಬೊಜ್ಜಿನ ಆಪರೇಷನ್ ಆದಮೇಲೆ ದಿನವೂ ವಾಂತಿ ಆಗ್ತಿದ್ದರೆ ಸುಮ್ನೆ ಕೂರಬೇಡಿ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದಾರಾ? ಕುಡಿದದ್ದು, ಉಂಡದ್ದು ದಿನವೂ ವಾಂತಿಯಾಗಿ ಹೊರಗೆ ಬರ್ತಿದೆಯಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ, ಅವರಿಗೂ ಓದಿ ಹೇಳಿ. "ಹೊಟ್ಟೆ ಹೊಂದಿಕೊಳ್ಳೋತನಕ ಹಂಗ ಆಗ್ತೇತಿ" ಎಂಬ ಮಾತು ನಂಬಿ ಕೂತರೆ ಕಾಲಿನ ಶಕ್ತಿ ಹೋಗಬಹುದು, ನೆನಪಿನ ಶಕ್ತಿಯೂ ಹೋಗಬಹುದು. ನನಗೆ ಕಾಲಿನವರೆಗೆ ಬಂದು ನಿಂತಿತು.

ನಾನು ಬೆಟಗೇರಿಯವಳು. ಚಿಕ್ಕದೊಂದು ಹೊಲಿಗೆ ಅಂಗಡಿ ನನ್ನದು. ಐದು ಅಡಿ ಒಂದು ಇಂಚು ಎತ್ತರಕ್ಕೆ 104 ಕಿಲೋ ತೂಕ ಇದ್ದೆ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಲೆಕ್ಕದಲ್ಲಿ, 43. ಸಕ್ಕರೆ ಕಾಯಿಲೆ ಬೇರೆ, ಎರಡು ಮೊಣಕಾಲೂ ನೋವು. ವಿಮೆ ಕಂಪನಿಗಳು ಈ ಆಪರೇಷನ್ನಿಗೆ ದುಡ್ಡು ಕೊಡಬೇಕಾದರೆ ಬಿಎಂಐ 40 ಆದರೂ ಇರಬೇಕು. ಇಲ್ಲವೇ 35 ಇದ್ದು, ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯಂಥದ್ದು ಏನಾದರೂ ಇರಬೇಕು. ಹಾಗಾಗಿ ನನಗೆ ಸುಮ್ನೆ ಆಸೆ ತೋರಿಸಿ ಕತ್ತರಿ ಹಾಕಿದರು ಅಂತ ನಾನು ಹೇಳೋದಿಲ್ಲ. ನನಗೆ ಆಪರೇಷನ್ ಬೇಕಿತ್ತು. ಅದಾದ ಮೇಲೆ ಸಕ್ಕರೆ ಕಾಯಿಲೆಯ ಗುಳಿಗೆಗಳು ಕಡಿಮೆಯಾಗಿವೆ, ಮೆಟ್ಟಿಲು ಹತ್ತಿದರೆ ಏದುಸಿರು ಬರೋದಿಲ್ಲ. ನನ್ನ ತಕರಾರು ಆಪರೇಷನ್ ಆದಮೇಲಿನ ದಿನಗಳದ್ದು.

ನನಗೆ ಮಾಡಿದ್ದು ಸ್ಲೀವ್ ಆಪರೇಷನ್, ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಗಾತ್ರದ ಕೊಳವೆ ಮಾಡಿ ಪಿನ್ ಹೊಡೆಯುತ್ತಾರೆ. ತೆಗೆದದ್ದು ಮತ್ತೆ ಬರೋದಿಲ್ಲ. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯ ಕೋಆರ್ಡಿನೇಟರ್ ಹುಡುಗಿ ದಿನಾ ಫೋನ್ ಮಾಡುತ್ತಿದ್ದಳು. ವಿಮೆಯ ಕಾಗದ ಬಂತಾ ಮೇಡಂ, ಯಾವಾಗ ಅಡ್ಮಿಟ್ ಆಗ್ತೀರಿ ಮೇಡಂ ಅಂತ. ಆಪರೇಷನ್ನೂ ಚೆನ್ನಾಗಿಯೇ ಆಯಿತು. ಡಿಸ್ಚಾರ್ಜ್ ಮಾಡುವಾಗ ಕೈಗೆ ಒಂದು ಝೆರಾಕ್ಸ್ ಹಾಳೆ ಕೊಟ್ಟರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಮೊದಲು ಕ್ಲಿಯರ್ ಲಿಕ್ವಿಡ್, ಆಮೇಲೆ ಫುಲ್ ಲಿಕ್ವಿಡ್, ಆಮೇಲೆ ಪ್ಯೂರಿ. ನಮ್ಮ ಮನೆಯಲ್ಲಿ ಗಂಜಿ ಇದೆ, ಹೆಸರುಬೇಳೆ ಕಟ್ಟು ಇದೆ, ಅಂಬಲಿ ಇದೆ, ಮಜ್ಜಿಗೆ ಇದೆ. ಇವುಗಳಲ್ಲಿ ಯಾವುದು ಯಾವ ವಾರಕ್ಕೆ ಅಂತ ಕೇಳೋಣ ಅಂದರೆ ಡಯಟಿಷಿಯನ್ ಅವತ್ತು ರಜೆ. ಫೋನಿನಲ್ಲಿ ಮಾತಾಡುತ್ತಾರೆ ಅಂದರು. ಅವರ ಫೋನ್ ಬರಲೇ ಇಲ್ಲ.

ಮೊದಲ ವಾರ ಪರವಾಗಿರಲಿಲ್ಲ. ಆಮೇಲೆ ಶುರುವಾಯಿತು ವಾಂತಿ. ಎರಡು ಚಮಚ ಬೇಳೆಕಟ್ಟು ಕುಡಿದರೆ ಎದೆಯ ಕೆಳಗೆ ಬಂದು ನಿಲ್ಲುತ್ತಿತ್ತು. ಬಾಯಿತುಂಬ ಜೊಲ್ಲು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಕುಡಿದದ್ದೆಲ್ಲ ನೊರೆ ಸಮೇತ ಹೊರಗೆ. ಬರೀ ನೀರೂ ಹಾಗೇ. ವಿಟಮಿನ್ ಗುಳಿಗೆ ದೊಡ್ಡದಿತ್ತು, ಅದು ಒಳಗೆ ಉಳಿಯುತ್ತಲೇ ಇರಲಿಲ್ಲ. ಜಗಿಯುವ ಗುಳಿಗೆ, ಕುಡಿಯುವ ಸಿರಪ್ ಸಿಗುತ್ತವೆ ಅಂತ ಯಾರೂ ಹೇಳಿರಲಿಲ್ಲ. ನಮ್ಮ ಮನೆಯವರು ಆಸ್ಪತ್ರೆಗೆ ಮತ್ತೆ ಮತ್ತೆ ಫೋನ್ ಹಚ್ಚಿದರು. ಒಮ್ಮೆ ಎತ್ತಿದಾಗ ಅದೇ ಹುಡುಗಿ, "ಎಲ್ಲಾರಿಗೂ ಹಂಗ ಆಗ್ತೇತ್ರಿ ಸರ್. ಸಣ್ಣ ಸಣ್ಣ ಗುಟುಕು ಕುಡೀಲಿಕ್ಕೆ ಹೇಳ್ರಿ. ಡಾಕ್ಟರ್ ಒಟಿಯೊಳಗ ಅದಾರ" ಅಂದಳು. ಆಕೆ ಡಾಕ್ಟರಲ್ಲ, ನರ್ಸೂ ಅಲ್ಲ. ವಾಂತಿ ಎಷ್ಟು ದಿನದಿಂದ ಅಂತಲೂ ಕೇಳಲಿಲ್ಲ. ತೂಕ ಮಾತ್ರ ಸರಸರ ಇಳಿಯುತ್ತಿತ್ತು. ಬಂದು ಹೋದವರೆಲ್ಲ "ಭಾಳ ಚಲೋ ಆತು" ಅನ್ನುತ್ತಿದ್ದರು.

ಸುಸ್ತು ಜಾಸ್ತಿಯಾದಾಗ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಗ್ಲೂಕೋಸ್ ಸಲೈನ್ ಹಚ್ಚಿದರು. ವಾಂತಿಯಾಗಿ ಸೋತು ಬಂದವರಿಗೆ ನಮ್ಮ ಕಡೆ ಎಲ್ಲರೂ ಕೊಡುವುದು ಅದನ್ನೇ. ಆ ಡಾಕ್ಟರನ್ನು ನಾನು ದೂರೋದಿಲ್ಲ. ಅವರು ಡಿಸ್ಚಾರ್ಜ್ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿದರು. ವಾಂತಿ ನಿಲ್ಲದಿದ್ದರೆ ಏನು ಕೊಡಬೇಕು, ಏನು ಕೊಡಬಾರದು ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಮರುದಿನ ಅಂಗಡಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ಹೋದೆ. ಸೂಜಿ ಎರಡು ಕಾಣಿಸಿತು. ಕಣ್ಣು ಒರೆಸಿಕೊಂಡೆ, ಮತ್ತೆ ಎರಡು. ಒಂದು ಕಣ್ಣು ಮುಚ್ಚಿದರೆ ಒಂದೇ ಸೂಜಿ. ಮೆಷಿನ್ನಿನ ಪೆಡಲ್ ಮೇಲೆ ಕಾಲಿಟ್ಟರೆ ಇಟ್ಟದ್ದೇ ತಿಳಿಯಲಿಲ್ಲ. ಪಾದಕ್ಕೆ ದಪ್ಪ ಬಟ್ಟೆ ಸುತ್ತಿದ ಹಾಗಿತ್ತು. ಸಂಜೆ ಅಕ್ಕನ ಜೊತೆ ಮನೆಗೆ ಹೊರಟಾಗ ಅತ್ತಿತ್ತ ತೂರಾಡುತ್ತಿದ್ದೆನಂತೆ. ಅಕ್ಕ ಹಿಂದಿನಿಂದ ಕೂಗಿ, "ಯವ್ವಾ, ನಿನ್ನ ಚಪ್ಲಿ ಅಲ್ಲೇ ಬಿದ್ದೈತಿ, ಗೊತ್ತಾಗಲಿಲ್ಲೇನ?" ಅಂದಳು. ನಿಜವಾಗಿಯೂ ಗೊತ್ತಾಗಿರಲಿಲ್ಲ. ಆ ರಾತ್ರಿ ಮಗಳ ಹೆಸರು ಕರೆಯುವ ಬದಲು ತಂಗಿಯ ಹೆಸರು ಕರೆದೆ ಅಂತ ಆಮೇಲೆ ಹೇಳಿದರು.

ಮನೆಯವರು ಕಾರು ಮಾಡಿಸಿ ಹುಬ್ಬಳ್ಳಿಗೆ ಕರೆದೊಯ್ದರು. ಈ ಸಲ ಬೇರೆ ಆಸ್ಪತ್ರೆಗೆ. ಕ್ಯಾಶುವಲ್ಟಿಯಲ್ಲಿದ್ದ ವಯಸ್ಸಾದ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಹೊಟ್ಟೆ ಆಪರೇಷನ್ ಆಗಿದೆಯಾ? ವಾಂತಿ ಎಷ್ಟು ವಾರದಿಂದ? ಬೆರಳು ಆಡಿಸಿ ನನ್ನ ಕಣ್ಣು ನೋಡಿದರು. ರಕ್ತದ ರಿಪೋರ್ಟಿಗೂ ಕಾಯಲಿಲ್ಲ, ತಕ್ಷಣ ರಕ್ತನಾಳಕ್ಕೆ ಥಯಾಮಿನ್ ಏರಿಸಲು ಹೇಳಿದರು.

ಥಯಾಮಿನ್ ಅಂದರೆ ಬಿ1 ವಿಟಮಿನ್. ಅದನ್ನು ನಮ್ಮ ಮೈ ಹೆಚ್ಚು ಕೂಡಿಡೋದಿಲ್ಲ. ಊಟ ಒಳಗೆ ಇಳಿಯದಿದ್ದರೆ ಎರಡು ಮೂರು ವಾರಕ್ಕೆ ಖಾಲಿಯಾಗುತ್ತದೆ. ಕಾಲಿನ ನರಗಳು ಸೊರಗುತ್ತವೆ. ಮಿದುಳಿಗೆ ಪೆಟ್ಟು ಬಿದ್ದರೆ ವಸ್ತುಗಳು ಎರಡೆರಡು ಕಾಣುತ್ತವೆ, ನಡಿಗೆ ತೂರಾಡುತ್ತದೆ, ಬುದ್ಧಿ ಗೊಂದಲವಾಗುತ್ತದೆ. ಅದಕ್ಕೆ ವೆರ್ನಿಕೆ ಕಾಯಿಲೆ ಅನ್ನುತ್ತಾರೆ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು, ಜೀವವೂ ಹೋಗಬಹುದು. ಇನ್ನೊಂದು ವಿಷಯ ಎಲ್ಲರೂ ತಿಳಿಯಬೇಕು. ಗ್ಲೂಕೋಸ್ ಅರಗಲು ಬಿ1 ಬೇಕೇ ಬೇಕು. ಬಿ1 ಖಾಲಿಯಾದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಹೋಗುತ್ತದೆ, ಕಾಯಿಲೆ ಏರಿಬಿಡುತ್ತದೆ. ಅದಕ್ಕೇ ಇಂಥವರಿಗೆ ಗ್ಲೂಕೋಸಿಗೆ ಮುಂಚೆ, ಇಲ್ಲವೇ ಅದರ ಜೊತೆಗೇ ಥಯಾಮಿನ್ ಕೊಡಬೇಕು. ಅದೇನು ದುಬಾರಿ ಔಷಧ ಅಲ್ಲ. ಅಷ್ಟು ಅಗ್ಗದ ಇಂಜೆಕ್ಷನ್ ಒಂದು ಮೊದಲೇ ಬಿದ್ದಿದ್ದರೆ ನಾನು ಹಾಸಿಗೆ ಹಿಡಿಯುತ್ತಿರಲಿಲ್ಲ. ಇದು ನೆನಪಾದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಕಣ್ಣು ಬೇಗ ಸರಿಹೋಯಿತು. ಆಮೇಲೆ ಎಂಡೋಸ್ಕೋಪಿ ಮಾಡಿದರು, ಅಂದರೆ ಬಾಯಿಯಿಂದ ಕ್ಯಾಮೆರಾ ಇಳಿಸಿ ಒಳಗೆ ನೋಡಿದರು. ಜಠರದ ಕೊಳವೆ ಬಾಗುವ ಜಾಗದಲ್ಲಿ ಕಿರಿದಾಗಿ ಬಿಟ್ಟಿತ್ತು, ವಾಂತಿಗೆ ಕಾರಣ ಅದೇ. ಎಂಡೋಸ್ಕೋಪಿಯಲ್ಲೇ ಬಲೂನ್ ಹಾಕಿ ಹಿಗ್ಗಿಸಿದರು. ಒಮ್ಮೆಗೆ ಆಗಲಿಲ್ಲ, ಮತ್ತೆ ಮಾಡಬೇಕಾಯಿತು. ಅಂದರೆ ನನ್ನ ವಾಂತಿ "ಹೊಂದಿಕೊಳ್ಳೋದು" ಆಗಿರಲೇ ಇಲ್ಲ. ಅದಕ್ಕೆ ಕಾರಣ ಇತ್ತು, ಚಿಕಿತ್ಸೆಯೂ ಇತ್ತು. ನೋಡುವವರು ಇರಲಿಲ್ಲ ಅಷ್ಟೇ. ಮೊದಲಿನ ಆಸ್ಪತ್ರೆಗೆ ನಮ್ಮ ಮನೆಯವರು ಎಲ್ಲ ರಿಪೋರ್ಟ್ ಹಿಡಿದು ಹೋದರು. "ಪ್ಯಾಕೇಜ್‌ನಲ್ಲಿ ಇದು ಬರೋದಿಲ್ಲ" ಎಂಬುದು ಅವರು ಆಡಿದ ಮೊದಲ ಮಾತು.

ಕಾಲು ಮಾತ್ರ ಬಹಳ ಸತಾಯಿಸಿತು. ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದೆ. ಅಂಗಡಿಗೆ ಬಂದ ಬಟ್ಟೆ ವಾಪಸ್ ಕೊಟ್ಟೆ. ಈಗ ನಡೆಯುತ್ತೇನೆ, ಹೊಲಿಯುತ್ತೇನೆ. ಬಲಗಾಲಿನ ಬೆರಳುಗಳಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ. ಕೂದಲು ಕೈತುಂಬ ಉದುರಿತು. ಅದು ತೂಕ ಬೇಗ ಇಳಿದಾಗ ಹಲವರಿಗೆ ಆಗುವಂಥದ್ದೇ, ಮತ್ತೆ ಬರುತ್ತಿದೆ. ರೊಟ್ಟಿ ತಿನ್ನಲು ಧೈರ್ಯ ಮಾಡಿದ್ದು ಇತ್ತೀಚೆಗೆ, ಅದೂ ಕಾಲು ರೊಟ್ಟಿ, ನುಣ್ಣಗೆ ಜಗಿದು.

ಈ ಆಪರೇಷನ್ ಬೇಕು ಅನ್ನುವವರು ಬೇಡ ಅಂತ ಬಿಡಬೇಕಿಲ್ಲ. ಆದರೆ ಕಾಗದಕ್ಕೆ ಸಹಿ ಹಾಕುವ ಮುಂಚೆ ಸರ್ಜನ್ ಎದುರಿಗೇ ಕೂತು ಕೇಳಿ. ರಾತ್ರಿ ಹೊತ್ತು ತೊಂದರೆಯಾದರೆ ಯಾವ ಡಾಕ್ಟರ್ ಫೋನ್ ಎತ್ತುತ್ತಾರೆ? ಡಯಟಿಷಿಯನ್ ಆಸ್ಪತ್ರೆಯಲ್ಲೇ ಇರುತ್ತಾರಾ, ನಮ್ಮ ಊಟದ ಹೆಸರಿನಲ್ಲೇ ಬರೆದುಕೊಡುತ್ತಾರಾ? ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಬೇಕು, ಅದು ನಮ್ಮ ಅಡುಗೆಯಲ್ಲಿ ಹೇಗೆ ಬರುತ್ತದೆ ಅಂತ ಕೇಳಿ. ಬಿ12, ಕಬ್ಬಿಣ, ವಿಟಮಿನ್ ಡಿ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ ಮಾಡುತ್ತಾರೆ ಅಂತಲೂ ಕೇಳಿ. ವಿಟಮಿನ್ ಗುಳಿಗೆ ಜೀವನಪೂರ್ತಿ ನುಂಗಬೇಕಾಗುತ್ತದೆ, ಅದರ ಖರ್ಚು ಮೊದಲೇ ತಿಳಿದಿರಲಿ. ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯ ಬಗ್ಗೆ ಕೇಳಿ. ತೊಂದರೆಯಾದರೆ ಮತ್ತೆ ಅಡ್ಮಿಟ್ ಆಗುವ ಖರ್ಚು ಯಾರದ್ದು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಇಷ್ಟು ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಎದ್ದು ಬನ್ನಿ.

ಆಪರೇಷನ್ ಈಗಾಗಲೇ ಆಗಿದ್ದರೆ, ಮೊದಲ ದಿನಗಳಲ್ಲಿ ಜ್ವರ ಬಂದರೆ, ಎದೆಬಡಿತ ನಿಮಿಷಕ್ಕೆ 120 ದಾಟಿದರೆ, ಹೊಟ್ಟೆ ನೋವು ಏರುತ್ತಾ ಹೋದರೆ ಹೊಲಿಗೆ ಸೋರಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ. ವಾಂತಿ ಎರಡು ಮೂರು ದಿನವಾದರೂ ನಿಲ್ಲದಿದ್ದರೆ ಫೋನಿನ ಮಾತಿಗೆ ಒಪ್ಪಬೇಡಿ, ಡಾಕ್ಟರ ಮುಂದೆ ಹೋಗಿ ಕೂರಿ. ಯಾವ ಊರಿನ ಯಾವ ಕ್ಲಿನಿಕ್ಕಿಗೆ ಹೋದರೂ ಸಲೈನ್ ಹಚ್ಚುವ ಮುಂಚೆ ಹೀಗೆ ಹೇಳಿ: "ನನಗೆ ಸ್ಲೀವ್ ಆಪರೇಷನ್ ಆಗಿದೆ, ವಾಂತಿ ನಿಂತಿಲ್ಲ, ಮೊದಲು ಥಯಾಮಿನ್ ಕೊಡ್ರಿ." ಅದನ್ನೇ ಒಂದು ಚೀಟಿಯಲ್ಲಿ ಬರೆದು ಡಿಸ್ಚಾರ್ಜ್ ಕಾರ್ಡಿಗೆ ಪಿನ್ ಮಾಡಿ ಇಡಿ. ಆ ಹೊತ್ತಿಗೆ ಹೇಳುವ ಶಕ್ತಿ ನಿಮಗೆ ಇಲ್ಲದೆಯೂ ಇರಬಹುದು. ಮನೆಯವರಿಗೂ ಕಲಿಸಿ ಇಡಿ.