ಬಳ್ಳಾರಿ ಬಿಸಿಲಲ್ಲಿ ಓಡುವ ಮುಂಚೆ: ಎಳನೀರೋ, ಓಆರ್‌ಎಸ್ಸೋ, ಮಜ್ಜಿಗೆಯೋ?

ನನಗೆ ಬೆಳಗಿನ ಶಿಫ್ಟ್. ಹಾಗಾಗಿ ಓಟ ಸಂಜೆ ಐದೂವರೆಗೆ. ಮೇ ತಿಂಗಳಲ್ಲಿ ಆ ಹೊತ್ತಿಗೂ ಕೋಟೆ ಗುಡ್ಡದ ಬಂಡೆಗಳು ಕಾವು ಬಿಡುತ್ತಲೇ ಇರುತ್ತವೆ. ಹತ್ತು ಕಿಲೋಮೀಟರ್ ಮುಗಿಸಿ ಬಂದರೆ ಕಪ್ಪು ಟೋಪಿಯ ಅಂಚಿಗೆಲ್ಲ ಉಪ್ಪಿನ ಬಿಳಿ ಗೆರೆ. ಒಂದು ದಿನ ಓಟಕ್ಕೆ ಮುಂಚೆ, ಆಮೇಲೆ ತೂಕ ನೋಡಿದೆ. 1.4 ಕೆಜಿ ಇಳಿದಿತ್ತು. ಮೈ ತೂಕದ ಶೇ. 2ಕ್ಕಿಂತ ಜಾಸ್ತಿ ನೀರು ಹೋದರೆ ಓಟ ಕುಗ್ಗುತ್ತದೆ. ನನ್ನ ತೂಕ 64 ಕೆಜಿ. ಲೆಕ್ಕ ಹಾಕಿ ನೋಡಿ.

ಅವತ್ತಿಂದ ವಾರಕ್ಕೊಂದರಂತೆ ನಾಲ್ಕು ಬಗೆ ಕುಡಿದು ನೋಡಿದೆ. ಯಾವುದಾದರೂ ಅರ್ಧ ಲೀಟರ್, ಮೂರೂವರೆಗೆ, ಗುಟುಕು ಗುಟುಕಾಗಿ.

ಎಳನೀರಿನಷ್ಟು ಹಿತ ಬೇರೆ ಯಾವುದೂ ಇಲ್ಲ. ಆದರೆ ಅದರಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ. ಬೆವರಲ್ಲಿ ಜಾಸ್ತಿ ಹೋಗುವುದು ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ. ಕೊನೆಯ ಎರಡು ಕಿಲೋಮೀಟರ್ ಕಾಲು ಭಾರವಾಗುತ್ತಿತ್ತು. ಈಗ ಅದನ್ನು ಓಟ ಮುಗಿದ ಮೇಲೆ ಕುಡಿಯುತ್ತೇನೆ.

ಬಾಟಲಿಯ ಸ್ಪೋರ್ಟ್ಸ್ ಡ್ರಿಂಕಲ್ಲಿ ಅರ್ಧ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ. ಉದ್ದ ಓಟದ ನಡುವೆ ಅದು ಬೇಕು, ಮುಂಚೆ ಸುಮ್ನೆ ಯಾಕೆ?

ಓಆರ್‌ಎಸ್ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ, ಸಿಟ್ರೇಟ್. ಕರುಳಲ್ಲಿ ಸೋಡಿಯಂ, ಗ್ಲೂಕೋಸ್ ಜೋಡಿಯಾಗಿ ಒಳಗೆ ಹೋಗುತ್ತವೆ. ನೀರು ಅವುಗಳ ಬೆನ್ನು ಹತ್ತುತ್ತದೆ. ಮೊದಲ ದಿನ ಮಾತ್ರ ತಪ್ಪು ಮಾಡಿದೆ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದೆ. ಮೂರನೇ ಕಿಲೋಮೀಟರಿಗೇ ಹೊಟ್ಟೆ ತೊಳಸಿ ರಸ್ತೆ ಬದಿಗೆ ಕೂತೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಅದರಲ್ಲಿ ಅರ್ಧ ಕುಡಿದ ದಿನಗಳಲ್ಲಿ ಕೊನೆಯ ಕಿಲೋಮೀಟರಿಗೂ ಕಾಲು ಹಗುರ. ಕೊಳ್ಳುವಾಗ ಆ ಸೂತ್ರದ್ದೇ ಅಲ್ವಾ ಅಂತ ಓದಿ. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಅನ್ನುವ ಪದ ಇರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ.

ಮಜ್ಜಿಗೆ ನನಗೆ ಅಚ್ಚರಿ ತಂದಿತು. ಅಮ್ಮ ಕಡೆದ ನೀರು ಮಜ್ಜಿಗೆಗೆ ಕಾಲು ಟೀ ಚಮಚ ಉಪ್ಪು ಹಾಕಿದರೆ ಸುಮಾರು 600 ಮಿಲಿಗ್ರಾಂ ಸೋಡಿಯಂ ಸಿಗುತ್ತದೆ. ಅರ್ಧ ಲೀಟರ್ ಓಆರ್‌ಎಸ್‌ನಲ್ಲಿ ಸುಮಾರು 860. ಮುಕ್ಕಾಲು ಗಂಟೆಯ ಓಟಕ್ಕೆ ಎರಡರಲ್ಲೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಸಿಮೆಣಸಿನಕಾಯಿ ಮಾತ್ರ ಬೇಡ, ಎದೆ ಉರಿಯುತ್ತದೆ. ಹುಳಿ ಮಜ್ಜಿಗೆಯೂ ಬೇಡ.

ಈಗ ವಾರವೆಲ್ಲ ಮಜ್ಜಿಗೆ, ಭಾನುವಾರದ ಉದ್ದ ಓಟಕ್ಕೆ ಓಆರ್‌ಎಸ್. ಮೊನ್ನೆ ಅಪ್ಪ ವಾಕಿಂಗ್ ಹೊರಟಾಗ ನನ್ನ ಬಾಟಲಿ ಕೇಳಿದರು. ಕೊಡಲಿಲ್ಲ. ಅವರಿಗೆ ಬಿಪಿ ಇದೆ. ಬಿಪಿ, ಕಿಡ್ನಿ ತೊಂದರೆ ಇರುವವರು ಇಷ್ಟು ಉಪ್ಪನ್ನು ಡಾಕ್ಟರನ್ನು ಕೇಳದೆ ಕುಡಿಯಬಾರದು. ಅವರ ಕೈಗೆ ಮಡಕೆಯ ತಣ್ಣೀರು ತುಂಬಿದ ಬಾಟಲಿ ಕೊಟ್ಟೆ.