639 ವರ್ಷಗಳ ವಾದನದ ಮುಂದೆ ಒಂದು ಮಧ್ಯಾಹ್ನ

ಜರ್ಮನಿಯ ಹಾಲ್ಬರ್‌ಸ್ಟಾಟ್ ಪಟ್ಟಣದ ಬುರ್ಖಾರ್ಡಿ ಚರ್ಚಿಗೆ ಕಾಲಿಟ್ಟ ಕೂಡಲೇ, ಯಾರೋ ಒಂದು ಯಂತ್ರವನ್ನು ಆರಿಸುವುದನ್ನೇ ಮರೆತು ಹೋಗಿರಬೇಕು ಅನಿಸಿತು. ಬರಿಗೋಡೆಗಳ ನಡುವೆ ಪುಟ್ಟದೊಂದು ಆರ್ಗನ್, ಅಂದರೆ ಗಾಳಿಯೂದಿ ಕೊಳವೆಗಳಿಂದ ನುಡಿಸುವ ವಾದ್ಯ, ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ 1987ರಲ್ಲಿ ರಚಿಸಿದ ಕೃತಿಯನ್ನು ನುಡಿಯುತ್ತಿದೆ. 2001ರ ಸೆಪ್ಟೆಂಬರ್ 5ರಂದು ಆರಂಭವಾದ ಈ ವಾದನ ಮುಗಿಯಬೇಕಾದದ್ದು 2640ರಲ್ಲಿ. ಸಾಧ್ಯವಾದಷ್ಟು ನಿಧಾನವಾಗಿ ನುಡಿಸಬೇಕೆಂದು ಕೇಜ್ ಸೂಚಿಸಿದ್ದರು. ಎಷ್ಟು ನಿಧಾನ ಎಂಬುದನ್ನು ಅವರು ತೀರಿಕೊಂಡ ಮೇಲೆ ಇತರರು ನಿರ್ಧರಿಸಿದರು. ಈ ಊರಿನಲ್ಲಿ 1361ರಲ್ಲಿ ಒಂದು ಮಹಾ ಆರ್ಗನ್ ನಿರ್ಮಾಣವಾಗಿತ್ತು. ಅಲ್ಲಿಂದ 2000ನೇ ಇಸವಿಯವರೆಗಿನ 639 ವರ್ಷಗಳನ್ನೇ ವಾದನದ ಅವಧಿಯಾಗಿ ಇಟ್ಟುಕೊಂಡಿದ್ದಾರೆ.

ವಾದಕರಿಲ್ಲ, ಕೀಲಿಗಳನ್ನು ಒತ್ತಿ ಹಿಡಿದಿರುವುದು ಮರಳಿನ ಚೀಲಗಳು. ಕೃತಿಯ ಮೊದಲ 17 ತಿಂಗಳು ತಿದಿಯ ಗಾಳಿಯ ಸದ್ದು ಬಿಟ್ಟರೆ ಬರೀ ಮೌನವಿತ್ತು. 2013ರ ಅಕ್ಟೋಬರ್‌ನಲ್ಲಿ ಹಿಡಿದ ಸ್ವರಗಳು ಬದಲಾದದ್ದು 2020ರ ಸೆಪ್ಟೆಂಬರ್‌ನಲ್ಲಿ, ಅಂದರೆ ಆ ನಡುವೆ ಹುಟ್ಟಿದ ಮಗು ಶಾಲೆಗೆ ಸೇರುವಷ್ಟು ಹೊತ್ತಿನ ಬಳಿಕ. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿ ಇನ್ನೇನು ಹಾಡು ಶುರುವಾಗುತ್ತದೆ ಎಂದು ಕಾಯುತ್ತಲೇ ಇರುತ್ತದೆ, ಮತ್ತು ಆ ಕಾಯುವಿಕೆ ಬಿಟ್ಟುಹೋದ ಗಳಿಗೆಯಲ್ಲೇ ನಿಜವಾದ ಆಲಿಕೆ ಆರಂಭವಾಗುತ್ತದೆ. ನಿಂತಲ್ಲೇ ನಿಂತರೆ ನಾದ ಮಂಕಾಗುತ್ತದೆ. ನಾಲ್ಕು ಹೆಜ್ಜೆ ಸರಿದರೆ ಅಡಗಿದ್ದ ತಾರಸ್ವರವೊಂದು ಗೋಡೆಯ ಬಳಿ ಎದ್ದು ಕೇಳುತ್ತದೆ. ಹೀಗೆ ಅಡ್ಡಾಡುತ್ತ ಹತ್ತು ನಿಮಿಷ ಕಳೆದಿರಬಹುದು ಎಂದುಕೊಂಡ ನಾನು ಗಡಿಯಾರ ನೋಡಿದಾಗ ಮುಕ್ಕಾಲು ಗಂಟೆಯಾಗಿತ್ತು. ಕಾಲದ ಅರಿವನ್ನು ಸಡಿಲಿಸುವ ಕೆಲಸದಲ್ಲಿ ಈ ಕೃತಿ ಪೂರ್ತಿ ಗೆದ್ದಿದೆ.

ಚರಿತ್ರೆಯ ನೆನಪಿನ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಸನ್ಯಾಸಿನಿಯರ ಈ ಚರ್ಚು ಮುಂದೆ ಕಣಜವಾಯಿತು, ಹಂದಿಗೂಡೂ ಆಯಿತು. 1945ರ ಏಪ್ರಿಲ್ 8ರ ಬಾಂಬ್ ದಾಳಿಯಲ್ಲಿ ಹಳೆಯ ಪಟ್ಟಣದ ಬಹುಪಾಲು ನೆಲಸಮವಾಯಿತು. ಇದಾವುದೂ ನಾದದೊಳಗೆ ಇಳಿದಿಲ್ಲ. 1361 ಎಂಬುದು ಲೆಕ್ಕಕ್ಕೆ ಎರವಲು ತಂದ ಅಂಕಿಯಾಗಿಯೇ ಉಳಿದಿದೆ. ಸ್ಕಾಟ್ಲೆಂಡಿನ ಧ್ವನಿ ಕಲಾವಿದೆ ಸೂಸನ್ ಫಿಲಿಪ್ಸ್ 2012ರಲ್ಲಿ ಜರ್ಮನಿಯದೇ ಕಾಸೆಲ್ ನಗರದ ರೈಲು ನಿಲ್ದಾಣದಲ್ಲಿ ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜೆಕ್ ಯಹೂದಿ ಸಂಗೀತ ರಚನಕಾರ ಪಾವೆಲ್ ಹಾಸ್ ನಾಜಿಗಳ ಟೆರೆಜಿನ್ ಶಿಬಿರದಲ್ಲಿ ಸೆರೆಯಲ್ಲಿದ್ದಾಗ ತಂತಿವಾದ್ಯಗಳಿಗಾಗಿ ರಚಿಸಿದ ಕೃತಿಯಿಂದ ವಿಯೋಲಾ ಮತ್ತು ಚೆಲ್ಲೋಗಳ ಭಾಗವನ್ನಷ್ಟೇ ಉಳಿಸಿಕೊಂಡು, ಯಹೂದಿಗಳನ್ನು ಸಾಗಿಸಿದ್ದ ಅದೇ ನಿಲ್ದಾಣದಲ್ಲಿ ಫಿಲಿಪ್ಸ್ ಕೇಳಿಸಿದ್ದರು. ಅಲ್ಲಿನ ಪ್ರತಿ ಮೌನವೂ ನುಡಿಯಬೇಕಾಗಿದ್ದ ಇನ್ನೊಂದು ವಾದ್ಯದ ಜಾಗವಾಗಿತ್ತು. ಇಲ್ಲಿನ ಮೌನಕ್ಕೆ ಅಂಥ ಯಾರ ಗುರುತೂ ಇಲ್ಲ.

ಹಾಗಿದ್ದರೂ ಹೋಗಬೇಕಾದ ಸ್ಥಳವೇ. ಸ್ವರ ಬದಲಾಗುವ ದಿನ ಜನಜಂಗುಳಿ ಇರುತ್ತದೆ, ಆದ್ದರಿಂದ ಏನೂ ಘಟಿಸದ ಒಂದು ಸಾಮಾನ್ಯ ದಿನವನ್ನು ಆರಿಸಿಕೊಳ್ಳಿ. ಒಂದೆಡೆ ಕೂರದೆ ನಡೆದಾಡುತ್ತ ಕೇಳಿ, ಒಂದು ಗಂಟೆಯಾದರೂ ಕೊಡಿ.